ಅವರೆಕಾಳಿನ ಓಟು

ಫುಟ್‌ಬಾಲ್ ಅಂದರೆ ಗಂಡಸರ ಸ್ವತ್ತು ಅಂತ ಯಾರಾದರೂ ತಿಳಿದಿದ್ದರೆ, ಅವರು ಒಂದು ಸಲ ಸಂಜೆಯ ಮಾರಿಕುಪ್ಪಂ ಗಾಡಿಗೆ ಬಂದು ನಮ್ಮ ಬೋಗಿಯಲ್ಲಿ ಕೂರಬೇಕು. ಕೂರುವುದಕ್ಕೆ ನಾವು ಜಾಗ ಕೊಡುವುದಿಲ್ಲ, ಅದು ಬೇರೆ ಮಾತು. ಬೆಂಗಳೂರಿನ ಗಾರ್ಮೆಂಟ್ಸು, ಬಂಗಾರಪೇಟೆಯ ಅಂಗಡಿ, ಆಸ್ಪತ್ರೆ ಎಲ್ಲ ಮುಗಿಸಿಕೊಂಡು ಮನೆ ಕಡೆ ಹೊರಟ ಹೆಂಗಸರು ನಾವು. ಚಳಿಗಾಲ ಬಂತೆಂದರೆ ಬಂಗಾರಪೇಟೆಯಲ್ಲಿ ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಚೀಲ ಅವರೆಕಾಯಿ. ಗಾಡಿ ಹೊರಟಿದ್ದೇ ತಡ, ಕಾಯನ್ನು ಮಡಿಲಿಗೆ ಸುರಿದುಕೊಂಡು ಸುಲಿಯಲು ಶುರು. ಮನೆ ಮುಟ್ಟುವಷ್ಟರಲ್ಲಿ ಕಾಳು ತಯಾರಿರಬೇಕು, ಇಲ್ಲದಿದ್ದರೆ ಸಾರು ಯಾವಾಗ ಮಾಡೋದು, ಮಲಗೋದು ಯಾವಾಗ. ಸಿಪ್ಪೆಯೆಲ್ಲ ಒಂದು ಚೀಲಕ್ಕೆ, ಅದು ಹಳ್ಳಿ ಕಡೆಯವರ ಹಸುವಿಗೆ. ಕೈ ಅದರ ಪಾಡಿಗೆ ಸುಲಿಯುತ್ತಿರುತ್ತದೆ, ಬಾಯಿ ನಮ್ಮ ಟೀಮಿನ ಮೇಲಿರುತ್ತದೆ.

ನಮ್ಮ ಟೀಮು ಅಂದರೆ ಹುಡುಗಿಯರ ಟೀಮು. ಊರಿಗಾಂನ ಲೈನು ಮನೆಗಳ, ಅಂದರೆ ಗಣಿ ಕೆಲಸಗಾರರ ಸಾಲುಮನೆಗಳ ಹುಡುಗಿಯರೇ ಜಾಸ್ತಿ, ಬಂಗಾರಪೇಟೆಯವರು ಕೆಲವರು, ಕ್ಯಾಸಂಬಳ್ಳಿ ಕಡೆಯಿಂದ ನಮ್ಮ ಮನೆಯ ಹುಡುಗಿ ಒಬ್ಬಳು. ಇವರಿಗೆ ಆಟ ಕಲಿಸಿದವರು ಒಬ್ಬ ತಾತ. ಚಿನ್ನದ ಗಣಿಯಲ್ಲಿ ಕೆಲಸ ಮಾಡಿದವರು, ಗಣಿಯ ಟೀಮಿಗೂ ಆಡಿದವರು. ಗಣಿ ಮುಚ್ಚಿ ಎಷ್ಟು ಕಾಲವಾದರೂ ತಾತನಿಗೆ ಬೆಳಿಗ್ಗೆ ಅಂದರೆ ಫಸ್ಟ್ ಶಿಫ್ಟು, ಮಧ್ಯಾಹ್ನ ಅಂದರೆ ಸೆಕೆಂಡ್ ಶಿಫ್ಟು. ಹುಡುಗಿಯರಿಗೆ ಪ್ರಾಕ್ಟೀಸು ಮುಗಿಸಿಕೊಟ್ಟ ಮೇಲೆ ದಿನಾ ಬಂಗಾರಪೇಟೆಗೆ ಹೋಗುತ್ತಾರೆ, ಒಂದು ಕಾಫಿ ಕುಡಿಯುತ್ತಾರೆ, ಸಂಜೆ ನಮ್ಮ ಗಾಡಿಗೇ ವಾಪಸು ಬರುತ್ತಾರೆ. ಏನು ಕೆಲಸ ತಾತ ಅಂತ ಕೇಳಿದರೆ, ಗಾಡಿ ಸರಿಯಾಗಿ ಓಡ್ತಾ ಐತಾ ಅಂತ ನೋಡೋ ಕೆಲಸ ಅನ್ನುತ್ತಾರೆ. ವಯಸ್ಸಾದವರು ಅಂತ ಅವರಿಗೊಬ್ಬರಿಗೆ ನಾವು ಕಿಟಕಿ ಪಕ್ಕ ಜಾಗ ಬಿಟ್ಟಿರುತ್ತೇವೆ.

ವರ್ಷದ ಆಟಗಾರ್ತಿ ಅಂತ ಒಬ್ಬಳನ್ನು ಆರಿಸಿ ನಾವೇ ಬಹುಮಾನ ಕೊಡಬೇಕು ಅನ್ನೋ ಮಾತು ಎದ್ದಿದ್ದು ಈ ಬೋಗಿಯಲ್ಲೇ. ಯಾರ ಬಾಯಿಂದ ಬಂತು ಅಂತ ಈಗ ಕೇಳಿದರೆ ಹತ್ತು ಜನ ನಾನು ನಾನು ಅನ್ನುತ್ತಾರೆ, ಅದಕ್ಕೇ ನಾನೇ ಅಂತ ಬರೆದುಬಿಡುತ್ತೇನೆ. ಕಪ್ಪು ಕೊಡೋದು ಬೇಡ ಅಂತ ಮೊದಲ ದಿನವೇ ತೀರ್ಮಾನವಾಯಿತು. ಕಪ್ಪು ಕೊಟ್ಟರೆ ಧೂಳು ಹಿಡಿಯುತ್ತದೆ, ಬಿಂದಿಗೆ ಕೊಟ್ಟರೆ ನೀರಾದರೂ ಹಿಡಿಯಬಹುದು. ಹಾಗಾಗಿ ಬಂಗಾರಪೇಟೆಯ ಪಾತ್ರೆ ಅಂಗಡಿಯಿಂದ ಒಂದು ಹಿತ್ತಾಳೆ ಬಿಂದಿಗೆ ಬಂತು. ಅಂಗಡಿಯವನು ಹೆಸರು ಕೆತ್ತಬೇಕಾ ಅಂದ. ಯಾರ ಹೆಸರು ಅಂತ ಗೊತ್ತಾಗಲಿ ಇರಪ್ಪ ಅಂದೆವು.

ಅಲ್ಲಿಂದ ಶುರುವಾಯಿತು ನೋಡಿ ಜಗಳ. ಮೊದಲಿಗೆ ಟೀಮಿನ ಎಲ್ಲರ ಹೆಸರೂ ಇತ್ತು. ಮುಖ್ಯವಾಗಿ ಅವರವರ ಚಿಕ್ಕಮ್ಮ ದೊಡ್ಡಮ್ಮಂದಿರು ಬೋಗಿಯಲ್ಲಿ ಇದ್ದುದರಿಂದ. ಹೂವು ಮಾರುವ ಒಬ್ಬ ಅಮ್ಮ ಒಂದು ಮ್ಯಾಚನ್ನೂ ನೋಡಿದವಳಲ್ಲ, ಓಡುವಾಗ ಯಾರ ಜಡೆ ಬಿಚ್ಚಿಹೋಗಿಲ್ಲವೋ ಅವಳಿಗೆ ಕೊಡಿ ಅಂದಳು. ಇನ್ನೊಬ್ಬಳು ಸೀಟಿ ಊದುವವನಿಗೇ ಕೊಡಿ, ಪಾಪ, ಎಲ್ಲರ ಹತ್ತಿರ ಬೈಸಿಕೊಳ್ಳುತ್ತಾನೆ ಅಂದಳು. ಹೀಗೆ ಜಗಳವಾಡಿ ಆಡಿ ಕೊನೆಗೆ ಇಬ್ಬರು ಉಳಿದರು. ಒಬ್ಬಳು ಊರಿಗಾಂನ ಸ್ಟ್ರೈಕರು, ಗೋಲು ಹೊಡೆಯುವವಳು. ಇನ್ನೊಬ್ಬಳು ನಮ್ಮ ಗೋಲ್‌ಕೀಪರು, ನಮ್ಮಣ್ಣನ ಮಗಳು.

ನಾನು ಯಾರು ಅಂತ ಹೇಳಿಬಿಡುತ್ತೇನೆ. ಬಂಗಾರಪೇಟೆಯಲ್ಲಿ ಟೈಲರಿಂಗ್ ಅಂಗಡಿ ಇಟ್ಟವಳು. ಇರೋದು ಕ್ಯಾಸಂಬಳ್ಳಿ ಹತ್ತಿರದ ನಮ್ಮ ಹಳ್ಳಿಯಲ್ಲಿ, ಅಣ್ಣನ ಮನೆಯಲ್ಲಿ. ಮದುವೆ ಯಾಕಾಗಲಿಲ್ಲ ಅಂತ ಕೇಳಬೇಡಿ. ಕೇಳಿದವರಿಗೆಲ್ಲ ಬ್ಲೌಸು ಒಂದಿಷ್ಟು ಬಿಗಿಯಾಗಿಯೇ ಹೊಲಿದುಕೊಟ್ಟಿದ್ದೇನೆ. ಈ ಹುಡುಗಿಯನ್ನು ಎತ್ತಿ ಆಡಿಸಿದವಳು ನಾನು. ಅವಳಿಗೆ ನಾನು ಬರೀ ಅತ್ತೆಯಲ್ಲ, ಅರ್ಧ ತಾಯಿ, ಇನ್ನರ್ಧ ಜಗಳಗಂಟಿ.

ನಮ್ಮಣ್ಣ ಒಳ್ಳೆಯ ಮನುಷ್ಯ, ಬಾಯಿ ಮಾತ್ರ ಒರಟು. ಮನೆಯಲ್ಲಿ ಸೀಮೆಹಸುಗಳಿವೆ, ಬೆಳಿಗ್ಗೆ ಹಾಲು ಕರೆದು ಡೈರಿಗೆ ಹಾಕಬೇಕು. ಅತ್ತಿಗೆಯ ಕೈ ಜೋಮು ಹಿಡಿಯುತ್ತದೆ, ಅವಳ ಕೈಲಿ ಆಗುವುದಿಲ್ಲ. ನನಗೆ ಬರುವುದಿಲ್ಲ. ಹಸುವಿಗೂ ನನಗೂ ಮೊದಲಿನಿಂದಲೂ ಆಗಿಬಂದಿಲ್ಲ. ಅಣ್ಣ ಹೊಲ, ಬೋರು, ಹುಲ್ಲು ಎಲ್ಲ ನೋಡಿಕೊಳ್ಳುತ್ತಾನೆ, ಆದರೆ ಕೆಚ್ಚಲ ಕೆಳಗೆ ಕೂರುವುದು ಅವನ ಮರ್ಯಾದೆಗೆ ಒಗ್ಗುವುದಿಲ್ಲ. ಉಳಿದವಳು ಹುಡುಗಿ. ಅವಳ ಪ್ರಾಕ್ಟೀಸು ತಾತನ ಫಸ್ಟ್ ಶಿಫ್ಟಿಗೇ. ಅಷ್ಟು ದಿನ ಕತ್ತಲಲ್ಲೇ ಎದ್ದು, ಹಾಲು ಕರೆದಿಟ್ಟು, ಕೈ ಒರೆಸಿಕೊಂಡು ಬಸ್ಸಿಗೆ ಓಡುತ್ತಿದ್ದಳು. ಆ ವರ್ಷ ಇನ್ನೊಂದು ಹಸು ಕರು ಹಾಕಿತು. ಎಲ್ಲ ಕರೆದು ಮುಗಿಸುವಷ್ಟರಲ್ಲಿ ಬಸ್ಸು ಹೋಗಿರುತ್ತಿತ್ತು, ಗ್ರೌಂಡಿಗೆ ಹೋದರೆ ತಾತ ಗಡಿಯಾರ ತೋರಿಸುತ್ತಿದ್ದರು. ಹೀಗೇ ಆದರೆ ಬೇರೆ ಗೋಲ್‌ಕೀಪರನ್ನು ನೋಡಬೇಕಾಗುತ್ತದೆ ಅಂತಲೂ ಹೇಳಿಬಿಟ್ಟರು.

ಒಂದು ದಿನ ಡೈರಿಯಲ್ಲಿ, ಕ್ಯಾನು ಹಿಡಿದು ನಿಂತ ಊರವರ ಮುಂದೆ, ಯಾರೋ ಅಣ್ಣನನ್ನು ಕೆಣಕಿದರು. ಏನಪ್ಪಾ, ನಿನ್ ಮಗಳಿಗೆ ಬಿಂದಿಗೆ ಬತ್ತದಂತೆ ಅಂದರು. ಅಣ್ಣನಿಗೆ ಏನನ್ನಿಸಿತೋ ಏನೋ, ಅಲ್ಲೇ ಎಲ್ಲರಿಗೂ ಕೇಳುವ ಹಾಗೆ ಹೇಳಿದ.

"ಗೋಲ್‌ಕೀಪರ್ ಅಂದ್ರೆ ಏನು, ಎಲ್ಡು ಕಂಬದ ಮಧ್ಯೆ ಸುಮ್ಕೆ ನಿಂತ್ಕೊಳ್ಳೋದು. ಅದುಕ್ಕೆ ಯಾರು ಕೊಡ್ತಾರೆ ಬಿಂದಿಗೆ? ಕೊಟ್ರೆ ಮಾರ್ನೆ ದಿನದಿಂದ ನಾನೇ ಕೂತ್ಕೊಂಡು ಆಲು ಕರೀತೀನಿ. ಕೊಡ್ದಿದ್ರೆ ಆಟ ಬಂದ್."

ಊರವರ ಮುಂದೆ ಆಡಿದ ಮಾತು. ಅಣ್ಣ ಹಿಂದೆ ತೆಗೆದುಕೊಳ್ಳುವ ಪೈಕಿ ಅಲ್ಲ. ನಾನು ಸಂಜೆ ಬಂದು ಕೇಳಿ ಕುದಿದುಹೋದೆ. ಅಡುಗೆಮನೆಯಲ್ಲಿ ಅವನಿಗೆ ಕೇಳಿಸಲಿ ಅಂತಲೇ ಪಾತ್ರೆ ಕುಕ್ಕಿದೆ. ಮಾರನೆಯ ದಿನ ಬಸ್‌ಸ್ಟಾಪಿನಲ್ಲಿ ನನ್ನ ಪಕ್ಕ ನಿಂತ ಹುಡುಗಿ ಮೆಲ್ಲಗೆ ಹೇಳಿದಳು.

"ಅತ್ತೆ, ನಂಗೆ ಬಿಂದಿಗೆ ಯಾಕೆ? ನಂಗೆ ಬೆಳಿಗ್ಗೆ ಒತ್ತು ಬೇಕು, ಅಷ್ಟೇ."

ಕೇಳಿದ್ದಾದರೂ ಏನು ಮಗು, ಚಿನ್ನ ಕೇಳಿತಾ, ಸೀರೆ ಕೇಳಿತಾ, ಬೆಳಗ್ಗೆ ಎರಡು ಗಂಟೆಯಷ್ಟು ಹೊತ್ತು ಕೇಳಿತು. ಆ ಬಿಂದಿಗೆ ನಮ್ಮ ಮನೆಗೆ ಬರದಿದ್ದರೆ ನಾನು ಟೈಲರೇ ಅಲ್ಲ ಅಂತ ಅವತ್ತೇ ಸೊಂಟ ಕಟ್ಟಿದೆ.

ನನಗೆ ಎದುರಾಳಿಯಾಗಿ ನಿಂತಿದ್ದು ಊರಿಗಾಂನ ಒಬ್ಬ ಅಕ್ಕ. ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಸೂಪರ್‌ವೈಸರು. ಸ್ಟ್ರೈಕರ್ ಹುಡುಗಿ ಅವಳ ಪಕ್ಕದ ಮನೆಯವಳು. ಅಕ್ಕನ ಗಂಟಲು ಹೇಗೆ ಅಂದರೆ ಗಾಡಿ ಹಾರನ್ ಹೊಡೆದಾಗಲೂ ಅವಳು ಮಾತು ನಿಲ್ಲಿಸುವುದಿಲ್ಲ. ತಮಿಳಿನಲ್ಲಿ ಶುರುಮಾಡಿ, ಕನ್ನಡದಲ್ಲಿ ಬೈದು, ತೆಲುಗಿನಲ್ಲಿ ಮುಗಿಸುತ್ತಾಳೆ. ಗೋಲು ಹೊಡೆದರೆ ತಾನೇ ಗೆಲ್ಲೋದು, ತಡೆದರೆ ಯಾರಾದರೂ ಗೆದ್ದಿದ್ದಾರಾ ಅಂತ ಅವಳ ವಾದ. ತಡೆಯದಿದ್ದರೆ ನಿಮ್ಮ ಹುಡುಗಿ ಹೊಡೆದ ಗೋಲು ಯಾವ ಮೂಲೆಗೆ ಅಂತ ನನ್ನ ವಾದ. ಹೊಸೂರು ಕಡೆಯಿಂದ ಬಂದ ಟೀಮಿನ ಮೇಲೆ ಆಡಿದಾಗ ನಮ್ಮ ಹುಡುಗಿ ಪೆನಾಲ್ಟಿಯನ್ನು ಮುಖ ಕೊಟ್ಟು ತಡೆದಿದ್ದಳು, ಮೂಗು ಊದಿ ವಾರಗಟ್ಟಲೆ ಇಳಿದಿರಲಿಲ್ಲ. ಅದನ್ನು ಎತ್ತಿದೆ. ಅಕ್ಕ ಅವರೆಕಾಯಿ ಸೀಳುತ್ತಾ, ತಡೆದಳು ಅಂತ ಯಾಕಂತೀಯ ತಂಗಚ್ಚಿ, ಬಾಲ್ ಬರ್ತಾ ಇತ್ತು, ಮೂತಿ ಅಡ್ಡ ಇತ್ತು, ಅಷ್ಟೇ ಅಂದಳು. ಬೋಗಿಯೆಲ್ಲ ನಕ್ಕಿತು. ನನ್ನ ಕಡೆಯವರೂ ನಕ್ಕರು, ಅದು ನನಗೆ ಇನ್ನೂ ಉರಿಸಿತು.

ಸುಮ್ಮನೆ ಕೂರಲಿಲ್ಲ ನಾನು. ಯಾರು ಯಾರು ಎರಡು ಮನಸ್ಸಿನಲ್ಲಿದ್ದಾರೆ ಅಂತ ನೋಡಿಕೊಂಡು ಒಬ್ಬೊಬ್ಬರನ್ನೇ ಹಿಡಿದೆ. ಒಬ್ಬಳ ಸೀರೆಗೆ ಫಾಲ್ಸು ಪುಕ್ಕಟೆ ಹಾಕಿಕೊಟ್ಟೆ. ಇನ್ನೊಬ್ಬಳ ಬ್ಲೌಸು, ಹಿಂದೆ ನನ್ನ ಮದುವೆ ವಿಚಾರ ಕೇಳಿ ಬಿಗಿ ಮಾಡಿಸಿಕೊಂಡವಳದು, ಬಿಚ್ಚಿ ಸಡಿಲ ಮಾಡಿಕೊಟ್ಟೆ. ಕಾಲೇಜು ಹುಡುಗಿಯರ ಒಂದು ಗುಂಪಿಗೆ ಬಂಗಾರಪೇಟೆ ಪಾನಿಪುರಿ ಕೊಡಿಸಿದೆ. ಆ ಕಳ್ಳಿಯರು ಪಾನಿಪುರಿ ತಿಂದು, ಅಲ್ಲಿಂದ ಸೀದಾ ಅಕ್ಕನ ಹತ್ತಿರ ಹೋಗಿ ಮುರುಕು ತಿಂದರು ಅಂತ ಆಮೇಲೆ ಗೊತ್ತಾಯಿತು.

ಇನ್ನು ಓಟು ಹಾಕೋದು ಹೇಗೆ? ಚೀಟಿ ಬರೆಯೋಣ ಅಂದರು. ಯಾವ ಭಾಷೆಯಲ್ಲಿ ಅಂತ ಯಾರೋ ಕೇಳಿದ್ದೇ ತಪ್ಪಾಯಿತು. ಕನ್ನಡದಲ್ಲಿ ಅಂತ ನಾವು, ತಮಿಳು ಅಂತ ಊರಿಗಾಂನವರು, ತೆಲುಗು ಏನು ಪಾಪ ಮಾಡಿದೆ ಅಂತ ಗಡಿ ಕಡೆಯ ಹಳ್ಳಿಯವರು. ಬರೀ ಚೀಟಿಯ ಮೇಲೆ ಎರಡು ದಿನ ಜಗಳ ನಡೆಯಿತು. ಕೊನೆಗೆ ತಾತ ಕಿಟಕಿಯಿಂದ ಮುಖ ತಿರುಗಿಸಿ, ಎಲ್ಲರ ಮಡಿಲಲ್ಲೂ ಇರೋದು ಏನು ಅಂತ ಕೇಳಿದರು. ಅವರೆಕಾಳು. ಅದಕ್ಕೆ ಯಾವ ಭಾಷೆ? ಯಾವುದೂ ಇಲ್ಲ. ಅಲ್ಲಿಗೆ ಮುಗಿಯಿತು.

ತಾತ ಮಾಡಿದ ಕಾನೂನು ಹೀಗಿತ್ತು. ಎರಡು ಬಿಸ್ಕತ್ತಿನ ಡಬ್ಬ, ಕೆಂಪು ಮುಚ್ಚಳದ್ದು ಸ್ಟ್ರೈಕರಿಗೆ, ಹಸಿರು ಮುಚ್ಚಳದ್ದು ಗೋಲ್‌ಕೀಪರಿಗೆ. ಮುಚ್ಚಳದಲ್ಲಿ ಕೈ ತೂರುವಷ್ಟು ತೂತು. ಒಬ್ಬರಿಗೆ ಒಂದೇ ಕಾಳು. ಮುಷ್ಟಿ ಕಟ್ಟಿಕೊಂಡು ಎರಡೂ ಡಬ್ಬದೊಳಗೆ ಕೈ ಹಾಕಬೇಕು, ಯಾವುದರಲ್ಲಿ ಬಿಟ್ಟರೆಂದು ಪಕ್ಕದವಳಿಗೆ ಗೊತ್ತಾಗಬಾರದು. ಹುಳುಕು ಕಾಳು ಹಾಕಿದರೆ ಓಟು ರದ್ದು. ಶನಿವಾರ ಸಂಜೆಯ ಗಾಡಿಯಲ್ಲಿ ಓಟು, ಭಾನುವಾರ ಬೆಳಿಗ್ಗೆ ಊರಿಗಾಂ ಗ್ರೌಂಡಿನಲ್ಲಿ ಎಣಿಕೆ.

ಆ ಶನಿವಾರ ನಮ್ಮ ಬೋಗಿಗೆ ಎಲ್ಲಿಲ್ಲದ ಜನ ಬಂದರು. ಪಕ್ಕದ ಬೋಗಿಯ ಗಂಡಸರೂ ಬಂದು ನಾವೂ ಅಭಿಮಾನಿಗಳೇ ಅಂದರು. ಸರಿ ಹಾಕಿ, ಆದರೆ ಕಾಳು ನಿಮ್ಮದೇ ತರಬೇಕು ಅಂದೆವು. ಅವರ ಹತ್ತಿರ ಕಾಳೆಲ್ಲಿಂದ ಬರಬೇಕು? ನಮ್ಮ ಹತ್ತಿರವೇ ಕಡ ಕೇಳಿದರು. ಕಾಳು ಕೊಡುವ ಮುಂಚೆ ಓಟು ಯಾರಿಗೆ ಅಂತ ಕೇಳಿ ಕೊಟ್ಟವಳು ನಾನು, ಅಕ್ಕನೂ ಹಾಗೇ ಮಾಡಿದಳು. ಹೂವಿನ ಅಮ್ಮ ಕೈ ಒಳಗೆ ಹಾಕಿದವಳು ತೂತಿನಲ್ಲಿ ಬಳೆ ಸಿಕ್ಕಿಕೊಂಡು ಒದ್ದಾಡಿದಳು. ಬಳೆ ಒಡೆಯಬಾರದು, ಓಟೂ ಕೆಡಬಾರದು ಅಂತ ಇಬ್ಬರು ಸೇರಿ ಕೊಬ್ಬರಿ ಎಣ್ಣೆ ಹಚ್ಚಿ ಬಿಡಿಸಿದರು. ಗಾಡಿ ಊರಿಗಾಂ ಮುಟ್ಟುವಷ್ಟರಲ್ಲಿ ಎರಡು ಡಬ್ಬವೂ ಭಾರವಾಗಿದ್ದವು.

ರಾತ್ರಿ ಡಬ್ಬ ಯಾರ ಮನೆಯಲ್ಲಿ ಇಡೋದು ಅನ್ನೋ ಪ್ರಶ್ನೆ ಬಂತು. ನಾನು ತಟ್ಟನೆ ಕೈ ಚಾಚಿದೆ. ಬೋಗಿಗೆ ಬೋಗಿಯೇ ಬೇಡ ಅಂದಿತು. ಹುಡುಗಿಯ ಅತ್ತೆಯ ಕೈಗೆ ಕೊಟ್ಟರೆ ಬೆಳಿಗ್ಗೆಗೆ ಹಸಿರು ಡಬ್ಬದಲ್ಲಿ ಕಾಳು ಮರಿ ಹಾಕಿರುತ್ತದೆ ಅಂತ ಒಬ್ಬಳು ಅಂದಳು. ತಾತನ ಮನೆಯಲ್ಲಿ ಇಲಿ ಕಾಟ. ಕೊನೆಗೆ ಆ ಅಕ್ಕನ ಮನೆಯೇ ಗ್ರೌಂಡಿಗೆ ಹತ್ತಿರ, ಸೂಪರ್‌ವೈಸರು ಬೇರೆ, ಅಂತ ಅವಳಿಗೇ ಒಪ್ಪಿಸಿದರು. ಎರಡೂ ಡಬ್ಬಕ್ಕೆ ಬಟ್ಟೆ ಕಟ್ಟಿ ಗಂಟು ಹಾಕಿದೆ. ನಾನು ಹಾಕುವ ಗಂಟು ಬೇರೆಯವರಿಗೆ ಬರುವುದಿಲ್ಲ, ಬಿಚ್ಚಿ ಕಟ್ಟಿದರೆ ಗೊತ್ತಾಗುತ್ತದೆ ಅಂತ ಅವಳಿಗೆ ಹೇಳಿಯೇ ಇಳಿದೆ.

ಭಾನುವಾರ ಅಣ್ಣ ಇಸ್ತ್ರಿ ಮಾಡಿದ ಪಂಚೆ ಉಟ್ಟು ತಾನೇ ಮಗಳನ್ನು ಬೈಕಿನ ಮೇಲೆ ಕೂರಿಸಿಕೊಂಡು ಬಂದ. ಅವಳ ಆಟ ನೋಡೋಕೆ ಅದುವರೆಗೆ ಒಂದು ದಿನವೂ ಬಂದವನಲ್ಲ. ಆಟ ಬಂದ್ ಆಗೋದನ್ನು ನೋಡೋಕೆ ಬಂದಿದ್ದೀಯಾ ಅಂದೆ. ನೋಡಾನ ನೋಡಾನ ಅಂತ ಮೀಸೆ ತಿರುವಿದ. ಗಣಿಯ ಮಣ್ಣು ಸುರಿದು ಸುರಿದು ಎದ್ದ ಸೈನೈಡ್ ಗುಡ್ಡದ ಕಡೆಯಿಂದ ಗಾಳಿ ಬೀಸಿ ಗ್ರೌಂಡೆಲ್ಲ ಮಣ್ಣು ಮಣ್ಣು. ಟೀಮಿನ ಹುಡುಗಿಯರು ಒಂದು ಕಡೆ, ನಾವು ಬೋಗಿಯವರು ಒಂದು ಕಡೆ, ನಡುವೆ ಒಂದು ಸ್ಟೂಲಿನ ಮೇಲೆ ಬಿಂದಿಗೆ, ಅದರ ಪಕ್ಕ ತಾತ. ಡಬ್ಬ ಮಾತ್ರ ಇಲ್ಲ.

ಅಕ್ಕ ಬಂದಳು. ಕೈ ಬೀಸಿಕೊಂಡು ಬಂದಳು. ಅವಳ ಗಂಟಲೇ ಹೊರಡಲಿಲ್ಲ, ಏನೋ ಎಡವಟ್ಟಾಗಿದೆ ಅಂತ ಅದರಿಂದಲೇ ನನಗೆ ಗೊತ್ತಾಯಿತು. ತಾತನ ಹತ್ತಿರ ಹೋಗಿ ಕಿವಿಯಲ್ಲಿ ಏನೋ ಹೇಳಿದಳು. ತಾತ ಹಾಗೇ ಬಿಂದಿಗೆ ಹಿಡಿದುಕೊಂಡು ನಿಂತುಬಿಟ್ಟರು. ಅಷ್ಟರಲ್ಲಿ ಅಕ್ಕನ ಹಿಂದೆಯೇ ಅವಳ ಅತ್ತೆ, ಗಂಡನ ತಾಯಿ, ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಒಂದು ದೊಡ್ಡ ಪಾತ್ರೆ ಇಟ್ಟುಕೊಂಡು ಬಂದರು. ಗಮ್ ಅಂತ ಬಂತು ಹಿತಕಿದಬೇಳೆ ಸಾರಿನ ವಾಸನೆ.

ಆಗಿದ್ದಿಷ್ಟು. ರಾತ್ರಿ ಆ ಮುದುಕಮ್ಮನ ಅಳಿಯ ಮಗಳು ಬಂದಿದ್ದಾರೆ. ನೋಡಿದರೆ ಅಟ್ಟದ ಮೇಲೆ ಎರಡು ಡಬ್ಬ ಎಳೆಯ ಕಾಳು, ಸುಲಿದು ಕಟ್ಟಿಟ್ಟಿದೆ. ಸೊಸೆ ಭಾನುವಾರಕ್ಕೆ ಅಂತ ತಂದಿಟ್ಟಿದ್ದಾಳೆ ಅಂದುಕೊಂಡು ಗಂಟನ್ನು ಕತ್ತರಿಯಲ್ಲಿ ಕತ್ತರಿಸಿ, ಎರಡನ್ನೂ ಒಂದೇ ಬೇಸನ್ನಿಗೆ ಸುರಿದು, ಮನೆಯಲ್ಲಿದ್ದ ಕಾಳನ್ನೂ ಸೇರಿಸಿ ನೆನೆಹಾಕಿದ್ದಾರೆ. ಬೆಳಿಗ್ಗೆ ಸೊಸೆ ಏಳುವಷ್ಟರಲ್ಲಿ ಎಲ್ಲ ಹಿತಕಿ, ಸಿಪ್ಪೆ ಬಿಸಾಕಿ, ಒಗ್ಗರಣೆ ಹಾಕಿ ಮುಗಿದಿದೆ. ನಮ್ಮ ಇಡೀ ಚುನಾವಣೆ ಪಾತ್ರೆಯಲ್ಲಿ ಕುದಿಯುತ್ತಿದೆ.

ನಾನು ಬಾಯಿಗೆ ಬಂದ ಹಾಗೆ ಕೂಗಾಡಿದೆ. ಹಸಿರು ಡಬ್ಬ ಮುಂದಿತ್ತು, ಅದಕ್ಕೇ ಬೇಯಿಸಿದ್ದೀರಿ, ಮೋಸ ಅಂದೆ. ಅಕ್ಕ ಮಕ್ಕಳ ಮೇಲೆ ಆಣೆ ಇಟ್ಟಳು. ಮುದುಕಮ್ಮನನ್ನು ಕರೆದು, ಯಾವ ಡಬ್ಬ ಭಾರ ಇತ್ತು ನೆನಪು ಮಾಡಿಕೊಳ್ಳಿ ಅಂತ ಎಲ್ಲರೂ ಸುತ್ತುಗಟ್ಟಿದರು. ಆಕೆಗೆ ನಾಚಿಕೆಯೂ ಇಲ್ಲ, ಹೆದರಿಕೆಯೂ ಇಲ್ಲ. "ನಲ್ಲ ಮೊಚ್ಚೆ, ವೇಸ್ಟ್ ಪಣ್ಣಲಾಮಾ?" ಅಂತ ನಮ್ಮನ್ನೇ ಕೇಳಿದರು. ಒಳ್ಳೆಯ ಅವರೆಕಾಳು, ಹಾಳು ಮಾಡಲಾದೀತೇ. ತಾತ ತಲೆ ಮೇಲೆ ಕೈ ಹೊತ್ತು ಕೂತವರು ಸ್ವಲ್ಪ ಹೊತ್ತಿಗೆ, ಮುದ್ದೆ ಏನಾದ್ರೂ ಐತಾ ಅಂತ ವಿಚಾರಿಸಿದರು. ಸಾರು ಮಾತ್ರ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಆ ಸಿಟ್ಟಿನಲ್ಲೂ ಎರಡು ಲೋಟ ಕುಡಿದೆ.

ಇನ್ನು ಬೇರೆ ದಾರಿ ಇಲ್ಲ, ಕೈ ಎತ್ತಿಸೋಣ ಅಂದರು ತಾತ. ಮುಚ್ಚಿದ ಮುಷ್ಟಿಯಲ್ಲಾದರೆ ನಮ್ಮ ಹುಡುಗಿಗೆ ಹಾಕುವವರು ಎಷ್ಟೋ ಜನ ಇದ್ದರು. ಗ್ರೌಂಡಿರೋದು ಊರಿಗಾಂನಲ್ಲಿ, ನಿಂತಿರುವವರಲ್ಲಿ ಮುಕ್ಕಾಲು ಪಾಲು ಊರಿಗಾಂನವರು, ಪಕ್ಕದ ಮನೆಯವರ ಎದುರಿಗೆ ಯಾರು ನಮ್ಮ ಕಡೆ ಕೈ ಎತ್ತುತ್ತಾರೆ? ಹುಡುಗಿಯ ಕಡೆ ನೋಡಿದೆ. ಅವಳು ಬೂಟಿನ ಲೇಸು ಕಟ್ಟುತ್ತಾ ಬಗ್ಗಿದವಳು ಎದ್ದೇ ಇರಲಿಲ್ಲ.

ಆಗ ಅಕ್ಕನ ತಮ್ಮ, ಒಬ್ಬ ಗಡ್ಡದವನು, ಜನಕ್ಕೆಲ್ಲ ಕೇಳುವ ಹಾಗೆ ಅಂದ. ಇದರಲ್ಲಿ ಯೋಚನೆ ಮಾಡೋಕೆ ಏನಿದೆ, ಗೋಲ್‌ಕೀಪರು ಸುಮ್ಮನೆ ನಿಂತ್ಕೋತಾಳೆ, ಅಷ್ಟೇ ತಾನೇ ಅಂದ.

ನಮ್ಮಣ್ಣ ಎಲ್ಲಿದ್ದನೋ, ಜನರನ್ನು ತಳ್ಳಿಕೊಂಡು ಮುಂದೆ ಬಂದ. ಮುಖ ಕೆಂಪಗಾಗಿತ್ತು. "ಯಾವನ್ಲಾ ಅವನು ಸುಮ್ಕೆ ನಿಂತ್ಕೋತಾಳೆ ಅಂದೋನು? ಮೂಗು ಒಡ್ಕೊಂಡು ಬಂದಾಗ ನೀನು ಬಂದಿದ್ದೇನ್ಲಾ ಅರಿಶಿನ ಅಚ್ಚಾಕೆ?"

ನಾನು ಬಾಯಿ ಮುಚ್ಚಿಕೊಂಡಿರಬಹುದಿತ್ತು. ಆದರೆ ನನ್ನ ಬಾಯಿ ಯಾವತ್ತು ನನ್ನ ಮಾತು ಕೇಳಿದೆ? ಅಣ್ಣ, ಆ ಹುಡುಗನಿಗೆ ಯಾಕೆ ಬೈತೀಯ, ಡೈರಿ ಮುಂದೆ ನೀನಾಡಿದ ಮಾತನ್ನೇ ಅವನು ಆಡಿದ್ದಾನೆ, ಒಂದಕ್ಷರ ಹೆಚ್ಚಿಲ್ಲ ಅಂದೆ. ಗ್ರೌಂಡಿಗೆ ಗ್ರೌಂಡೇ ಹೋ ಅಂತ ನಕ್ಕಿತು. ಅಕ್ಕನಿಗೆ ಗಂಟಲು ವಾಪಸು ಬಂತು. ಹಾಗಾದರೆ ಅಪ್ಪನೇ ಹೋಗಿ ಸುಮ್ಮನೆ ನಿಂತು ತೋರಿಸಲಿ ಅಂದಳು. ಅಣ್ಣ ನನ್ನನ್ನು ಸುಟ್ಟುಹಾಕುವ ಹಾಗೆ ನೋಡಿದ. ಆಮೇಲೆ ಪಂಚೆ ಎತ್ತಿ ಕಟ್ಟಿ, ಚಪ್ಪಲಿ ಬಿಟ್ಟು, ಎರಡು ಕಂಬದ ಮಧ್ಯೆ ಹೋಗಿ ನಿಂತೇಬಿಟ್ಟ.

ಸ್ಟ್ರೈಕರ್ ಹುಡುಗಿ ಬಾಲಿಟ್ಟುಕೊಂಡು ಹಿಂದೆ ಮುಂದೆ ನೋಡಿದಳು. ಅಂಕಲ್, ಪಕ್ಕಕ್ಕೆ ಹೊಡೀಲಾ ಅಂತ ಮೆಲ್ಲಗೆ ಕೇಳಿದಳು. ನೇರವಾಗಿ ಒಡಿಯಮ್ಮ ಅಂದ ಅಣ್ಣ. ಹೊಡೆದಳು. ಬಾಲು ಅವನ ಕಿವಿಯ ಪಕ್ಕದಲ್ಲೇ ಹೋಯಿತು, ಅಣ್ಣ ಎರಡೂ ಕೈ ತಲೆ ಮೇಲಿಟ್ಟುಕೊಂಡು ಕುಕ್ಕರುಗಾಲಲ್ಲಿ ಕೂತಿದ್ದ. ನಗು ಕೇಳಬೇಕೇ? ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ. ಅಣ್ಣ ಎದ್ದು ಇನ್ನೊಂದು ಅಂದ. ಅದಕ್ಕೆ ಕಣ್ಣು ಮುಚ್ಚಿಕೊಂಡ. ಮತ್ತೆ ಇನ್ನೊಂದು ಅಂದ. ಈ ಸಲ ಕಣ್ಣು ಬಿಟ್ಟುಕೊಂಡೇ ಕೈ ಚಾಚಿದ. ಬಾಲು ಬೆರಳಿಗೆ ಬಡಿದು, ಬೆರಳು ಹಿಂದಕ್ಕೆ ಮಡಿಚಿಕೊಂಡಿತು. ಅಮ್ಮಾ ಅಂತ ಅವನು ಕೂಗಿದ್ದು ಕೇಳಿ ನನ್ನ ನಗು ಅಲ್ಲೇ ನಿಂತಿತು.

ಹುಡುಗಿ ಓಡಿಹೋಗಿ ಅಪ್ಪನ ಕೈ ಹಿಡಿದು ಬೆರಳು ನೀವಿದಳು. ಬೆರಳನ್ನ ಬಾಲ್ ಕಡೆಗೆ ಚುಚ್ಚಿ ಇಡಬಾರದು ಅಪ್ಪ ಅಂತ ಹೇಳಿಕೊಟ್ಟಳು. ಅಣ್ಣ ತನ್ನ ಬೆರಳು ನೋಡಲಿಲ್ಲ, ಅವಳದ್ದು ನೋಡುತ್ತಿದ್ದ. ಹುಡುಗಿಯ ಎರಡು ಬೆರಳು ಸೊಟ್ಟಗಿವೆ. ಒಂದೇ ಮನೆಯಲ್ಲಿದ್ದು ಅವನು ಅದನ್ನು ಅವತ್ತೇ ಮೊದಲು ಕಂಡಿದ್ದು.

"ದಿನಾ ಇಂಗೇನಾ?" ಅಂದ.

"ದಿನಾ ಇಂಗೇ, ಅಪ್ಪ."

ಕೈ ಎತ್ತಿಸಿದರು. ಸ್ಟ್ರೈಕರಿಗೆ ಎದ್ದ ಕೈಗಳನ್ನು ಎಣಿಸುವ ಅಗತ್ಯವೇ ಬೀಳಲಿಲ್ಲ. ನನ್ನ ಪಾನಿಪುರಿ ತಿಂದ ಹುಡುಗಿಯರೂ ಆ ಕಡೆಗೇ ಎತ್ತಿದರು. ನಮ್ಮ ಹುಡುಗಿಗೆ ಅಂದಾಗ ನಾನು ಎತ್ತಿದೆ, ಹೂವಿನ ಅಮ್ಮ ಎತ್ತಿದಳು, ಇನ್ನೊಂದಿಷ್ಟು ಹಳ್ಳಿ ಕಡೆಯವರು ಎತ್ತಿದರು. ಅಣ್ಣ ಊದಿದ ಬೆರಳಿನ ಕೈಯನ್ನೇ ಎತ್ತಿದ. ತಾತ ಸಾಕು ಇಳಿಸಿ ಅಂದರು, ಎಲ್ಲರೂ ಇಳಿಸಿದರು, ಅವನು ಇಳಿಸಲಿಲ್ಲ. ನಾನೇ ಹೋಗಿ ತೋಳು ಹಿಡಿದು ಎಳೆಯಬೇಕಾಯಿತು.

ಬಿಂದಿಗೆ ಊರಿಗಾಂನ ಹುಡುಗಿಗೆ ಹೋಯಿತು. ಒಳ್ಳೆಯ ಆಟಗಾರ್ತಿ, ಅವಳಿಗೆ ಸಲ್ಲಬೇಕಾದ್ದೇ, ಈಗ ಹೇಳುತ್ತೇನೆ. ಅವತ್ತು ಮಾತ್ರ ನನಗೆ ಹೊಟ್ಟೆ ಉರಿದುಹೋಯಿತು. ಅಕ್ಕ ಬಂದು ನನ್ನ ಕೈ ಹಿಡಿದು, ತಂಗಚ್ಚಿ, ಡಬ್ಬದಲ್ಲಿ ನಿಮ್ಮದೇ ಜಾಸ್ತಿ ಇತ್ತೋ ಏನೋ ಅಂದಳು. ಅದರಿಂದ ನನಗೆ ಸಮಾಧಾನವಾಗಲಿಲ್ಲ, ಇನ್ನೂ ಅಳು ಬಂತು.

ಮನೆಗೆ ಬಂದ ಮೇಲೆ ಹುಡುಗಿ ಬೂಟು ತೊಳೆದು, ಒರೆಸಿ, ಒಂದು ಚೀಲಕ್ಕೆ ಹಾಕಿ ಅಟ್ಟದ ಮೇಲೆ ಇಟ್ಟಳು. ಊರ ಮುಂದೆ ಮಾತಾಗಿದೆ, ಬಿಂದಿಗೆ ಬಂದಿಲ್ಲ, ಆಟ ಬಂದ್. ಅದನ್ನು ಅವಳು ಯಾರ ಹತ್ತಿರವೂ ಹೇಳಿಸಿಕೊಳ್ಳಲಿಲ್ಲ. ಅಣ್ಣ ಬೆರಳಿಗೆ ಬಟ್ಟೆ ಸುತ್ತಿಕೊಂಡು ಹೊಲದ ಕಡೆ ಹೋದ. ಅವನಿಗೆ ಊಟಕ್ಕೆ ಇಡುವಾಗ ನಾನು ಮುದ್ದೆಯನ್ನು ತಟ್ಟೆಗೆ ಎಸೆದೆ.

ಮಾರನೆಯ ದಿನ ಕೊಟ್ಟಿಗೆಯಲ್ಲಿ ಬಕೆಟ್ ಉರುಳಿದ ಸದ್ದಿಗೆ ನನಗೆ ಎಚ್ಚರವಾಯಿತು. ಹುಡುಗಿ ನನ್ನ ಪಕ್ಕದಲ್ಲೇ ಮಲಗಿದ್ದಳು. ಯಾರೂ ಎಬ್ಬಿಸಿರಲಿಲ್ಲ. ಅಯ್ಯೋ ಹೊತ್ತಾಯಿತು ಅಂತ ದಡಬಡ ಎದ್ದು ಓಡಿದಳು, ಹಿಂದೆಯೇ ನಾನು.

ಬಾಗಿಲಲ್ಲೇ ಇಬ್ಬರೂ ನಿಂತೆವು. ನಮ್ಮ ಹೊಸ ಬಾಣಂತಿ ಹಸುವಿನ ಪಕ್ಕ ಅಣ್ಣ ಕುಕ್ಕರುಗಾಲಲ್ಲಿ ಕೂತಿದ್ದ. ಮೈ ಮೇಲೆ ಮಗಳ ಹಳದಿ ಜೆರ್ಸಿ, ಬೆನ್ನಿಗೆ ದೊಡ್ಡದಾಗಿ ಒಂದು ಅಂತ ನಂಬರು. ಹೊಟ್ಟೆಯ ಹತ್ತಿರ ಮೇಲಕ್ಕೆ ಸರಿದು, ಕಂಕುಳಲ್ಲಿ ಹೊಲಿಗೆ ಬಿಟ್ಟಿತ್ತು. ಕೈ ಬದಲಾದರೆ ಹಸು ಸೊರೆ ಬಿಡುವುದಿಲ್ಲ, ಹಾಲು ಮೇಲಕ್ಕೆ ಎಳೆದುಕೊಳ್ಳುತ್ತದೆ. ಕರೆಯುವವರ ಬಟ್ಟೆ ಹಾಕಿಕೊಂಡು ಕೂತರೆ ವಾಸನೆಗೆ ಒಲಿಯುತ್ತದೆ ಅಂತ ನಮ್ಮ ಕಡೆ ಎಲ್ಲರಿಗೂ ಗೊತ್ತು. ಕೊಟ್ಟಿಗೆಯಲ್ಲಿ ಹುಡುಕಿದರೆ ಅವಳ ಹಳೇ ನೈಟಿ ಇದ್ದೇ ಇತ್ತು. ಇವನು ಜೆರ್ಸಿ ಹಾಕಿಕೊಂಡಿದ್ದ.

ಅಪ್ಪ, ಏಳು, ನಾನು ಕರೀತೀನಿ, ಬಿಂದಿಗೆ ಬಂದಿಲ್ಲವಲ್ಲ ಅಂದಳು ಹುಡುಗಿ.

"ಅವರು ಕೊಡ್ಲಿಲ್ಲ, ಸರಿ. ಅದುಕ್ಕೆ ನೀನ್ಯಾಕೆ ಇಲ್ಲಿ ನಿಂತಿದ್ದೀಯ? ನನ್ ಶರ್ಟ್ ಆಕ್ಕೊಂಡು ಓಗು, ಬಸ್ ಓಯ್ತದೆ."

ಅವಳು ಒಳಗೆ ಹೋದಳು. ಅಟ್ಟದಿಂದ ಚೀಲ ಬಿದ್ದ ಸದ್ದು, ಬಾಗಿಲು ತೆಗೆದ ಸದ್ದು, ಅಂಗಳದಲ್ಲಿ ಓಡಿದ ಸದ್ದು. ನಾನು ಕೊಟ್ಟಿಗೆಯ ಕಂಬ ಹಿಡಿದು ಅಳುತ್ತಿದ್ದೆ, ಅದನ್ನು ಅಣ್ಣ ನೋಡಲಿಲ್ಲ. ಅವನ ಹಣೆ ಹಸುವಿನ ಹೊಟ್ಟೆಗೆ ಒತ್ತಿಕೊಂಡಿತ್ತು, ಬಕೆಟ್ಟಿನಲ್ಲಿ ಒಂದು ತೊಟ್ಟೂ ಇರಲಿಲ್ಲ.

"ಒಂಟೋದ್ಲಾ?" ಅಂತ ಕೇಳಿದ.

ಹೊರಟಳು ಅಂದೆ.

"ಬಸ್ ಸಿಕ್ತದಾ?"

ಸಿಕ್ಕುತ್ತೆ ಅಂದೆ. ಅಣ್ಣ ಉಸಿರು ಬಿಟ್ಟ. ಸ್ವಲ್ಪ ಹೊತ್ತಿಗೆ ಹಸು ಸೊರೆ ಬಿಟ್ಟಿತು.